ಆರು ರನ್ನಿನ ಸಾಲ, ನಲವತ್ತನಾಲ್ಕರ ವಸೂಲಿ

ಕ್ರಿಕೆಟ್ಟಿನಲ್ಲಿ ಆರು ರನ್ ಎಂದರೆ ಎಷ್ಟು? ಒಂದೇ ಒಂದು ಹೊಡೆತ. ದಾಂಡಿಗ ಮನಸ್ಸು ಮಾಡಿದರೆ, ಚೆಂಡು ಬ್ಯಾಟಿನ ಮಧ್ಯಕ್ಕೆ ಸಿಕ್ಕರೆ, ಕಣ್ಣು ಮಿಟುಕಿಸುವುದರೊಳಗೆ ಬೇಲಿಯಾಚೆ! ಅಂಥ ಒಂದೇ ಹೊಡೆತದಷ್ಟು ಅಂತರದಲ್ಲಿ ಕರ್ನಾಟಕ ತಂಡ 2010ರ ಜನವರಿ 14ರಂದು ಮೈಸೂರಿನಲ್ಲಿ ರಣಜಿ ಟ್ರೋಫಿಯನ್ನು ಕಳೆದುಕೊಂಡಿತು. ಅವತ್ತು ಸಂಕ್ರಾಂತಿ. ನಾಡೆಲ್ಲ ಎಳ್ಳು-ಬೆಲ್ಲ ಬೀರುವ ದಿನ. ಆದರೆ ಗಂಗೋತ್ರಿ ಮೈದಾನದಿಂದ ಹೊರಬಿದ್ದ ಜನರ ಬಾಯಲ್ಲಿ ಮಾತ್ರ ಸಿಹಿ ಇರಲಿಲ್ಲ.

ಇದು ಮೈಸೂರಿನವರ ಸಂಕಟ, ದಾವಣಗೆರೆಗೇನು ಬಂತು ಎನ್ನಬೇಡಿ. ಅವತ್ತು ಸೋತ ಹನ್ನೊಂದು ಮಂದಿಯಲ್ಲಿ ಇಬ್ಬರು ದಾವಣಗೆರೆಯಲ್ಲಿ ಹುಟ್ಟಿದವರು. ಒಬ್ಬರು ವೇಗದ ಬೌಲರ್ ಆರ್. ವಿನಯ್ ಕುಮಾರ್. ಇನ್ನೊಬ್ಬರು ದಾಂಡಿಗ ಗಣೇಶ್ ಸತೀಶ್. ಆಟೋ ಓಡಿಸುತ್ತಿದ್ದ ತಂದೆಯ ಮಗ ವಿನಯ್ ಮುಂದೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ದೇಶಕ್ಕೆಲ್ಲ ಪರಿಚಯವಾದದ್ದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು. ಬೆಣ್ಣೆ ದೋಸೆ ಬಿಟ್ಟರೆ ಊರಿನ ಹೆಸರನ್ನು ಅಷ್ಟು ದೂರ ಹೊತ್ತವರು ಕಡಿಮೆಯೇ.

ಆದರೆ ಇಲ್ಲಿ ಹೇಳಹೊರಟಿರುವುದು ಹೊಗಳಿಕೆಯ ಮಾತಲ್ಲ. ಕಪ್ಪು ಗೆದ್ದಾಗ ಪಟಾಕಿ ಹೊಡೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಸೋತ ಮಾರನೇ ದಿನ ಏನಾಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ತಂಡದ ಆಟದಲ್ಲಿ ‘ಗಟ್ಟಿ ಮನಸ್ಸು’ ಎಂಬುದೊಂದು ಇದೆಯಲ್ಲ, ಅದರ ನಿಜವಾದ ಪರೀಕ್ಷೆ ನಡೆಯುವುದು ಆ ಮಾರನೇ ದಿನವೇ.

ಮೈಸೂರಿನ ನಾಲ್ಕು ದಿನ

ಲೆಕ್ಕ ನೋಡಿ. ಮೊದಲು ಆಡಿದ ಮುಂಬೈ 233 ರನ್. ದೊಡ್ಡ ಮೊತ್ತವೇನಲ್ಲ. ಊರವರ ಎದುರು ಆಡುವ ತಂಡ ಇದನ್ನು ದಾಟೀತು ಎಂದು ಎಲ್ಲರೂ ಅಂದುಕೊಂಡರು. ಆದರೆ ಆವಿಷ್ಕಾರ್ ಸಾಲ್ವಿ ಐದು ವಿಕೆಟ್ ಕಿತ್ತರು. ಕರ್ನಾಟಕ 130ಕ್ಕೆ ಗಂಟು ಕಟ್ಟಿತು. ಅಲ್ಲಿಗೆ 103 ರನ್ ಹಿಂದೆ.

ಸಾಮಾನ್ಯ ತಂಡವಾಗಿದ್ದರೆ ಅವತ್ತೇ ಕೈ ಚೆಲ್ಲುತ್ತಿತ್ತು. ಇವರು ಚೆಲ್ಲಲಿಲ್ಲ. ಅದೇ ಋತುವಿನಲ್ಲಿ ಮೊದಲ ಬಾರಿ ರಣಜಿ ಆಡಲು ಬಂದಿದ್ದ ಅಭಿಮನ್ಯು ಮಿಥುನ್ ಎರಡನೇ ಸರದಿಯಲ್ಲಿ ಆರು ವಿಕೆಟ್ ಪಡೆದರು. ಮುಂಬೈ ಕುಸಿಯುವ ಹೊತ್ತಿಗೆ ಬೌಲರ್ ಎಂದೇ ಹೆಸರಾದ ಧವಳ್ ಕುಲಕರ್ಣಿ ಬ್ಯಾಟು ಹಿಡಿದು ನಿಂತು 87 ರನ್ ಹೊಡೆದುಬಿಟ್ಟರು. ಮುಂಬೈ ಎಂದರೆ ಹಾಗೆಯೇ. ಮುಳುಗಿತು ಅನ್ನುವಾಗ ಎಲ್ಲಿಂದಲೋ ಒಂದು ಹಲಗೆ ತೇಲಿಬರುತ್ತದೆ. 234ಕ್ಕೆ ಸರದಿ ಮುಗಿಯಿತು.

ಗೆಲ್ಲಲು ಬೇಕಾದದ್ದು 338. ಕೊನೆಯ ಸರದಿಯಲ್ಲಿ, ಫೈನಲ್ಲಿನಲ್ಲಿ! ಮೂರು ವಿಕೆಟ್ ಬೇಗ ಹೋದವು. ಆಗ ಜತೆಯಾದವರು ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್. ಇಬ್ಬರೂ ಹುಡುಗರೇ. ನಾಲ್ಕನೇ ವಿಕೆಟ್ಟಿಗೆ 209 ರನ್ ಕೂಡಿಸಿದರು. ಪಾಂಡೆ 144, ಸತೀಶ್ 75. ಮೈದಾನದ ಸುತ್ತ ಜನವೋ ಜನ. ಗೆಲುವು ಕೈಗೆಟುಕಿತು ಅಂದುಕೊಂಡಾಗಲೇ ಎಡವಟ್ಟಾಯಿತು. ಹಳೆಯ ಹುಲಿ ಅಜಿತ್ ಅಗರ್ಕರ್ ಐದು ವಿಕೆಟ್ ಪಡೆದರು. ಆ ಜೋಡಿ ಮುರಿದ ಮೇಲೆ ಉಳಿದ ವಿಕೆಟ್ಟುಗಳು ನೂರು ರನ್ನಿನೊಳಗೆ ಉರುಳಿದವು. ಕರ್ನಾಟಕ 331. ಆರು ರನ್ ಸಾಲದೆ ಹೋಯಿತು. ಮುಂಬೈ 39ನೇ ಬಾರಿ ಕಪ್ಪು ಹೊತ್ತು ಹೋಯಿತು.

ಹನ್ನೊಂದು ಜನರ ಪಾಲು

ನೂರು ರನ್ನಿನಿಂದ ಸೋತರೆ ರಾತ್ರಿ ನಿದ್ದೆ ಬರುತ್ತದೆ. ಎದುರಾಳಿ ದೊಡ್ಡವನು, ನಾವು ಸಣ್ಣವರು ಎಂದು ಸಮಾಧಾನ ಹೇಳಿಕೊಂಡು ಮಗ್ಗುಲಾಗಬಹುದು. ಆರು ರನ್ನಿನ ಸೋಲು ಹಾಗಲ್ಲ. ತಂಡದಲ್ಲಿ ಪ್ರತಿಯೊಬ್ಬನಿಗೂ ಆ ಆರು ರನ್ ತನ್ನ ಕಿಸೆಯಲ್ಲೇ ಇದ್ದವು ಅನ್ನಿಸತೊಡಗುತ್ತದೆ. ಒಬ್ಬ ಓಡದೆ ಬಿಟ್ಟ ಒಂಟಿ ರನ್. ಇನ್ನೊಬ್ಬನ ಕಾಲ ಸಂದಿಯಲ್ಲಿ ನುಸುಳಿದ ಬೌಂಡರಿ. ಮತ್ತೊಬ್ಬನ ನೋಬಾಲ್. ಐದು ದಿನದ ಆಟದಲ್ಲಿ ಇಂಥವು ಎಷ್ಟಿರುವುದಿಲ್ಲ?

ಕುಸ್ತಿಯಲ್ಲಿ ಸೋತವನು ಒಬ್ಬನೇ ಮಣ್ಣು ಕೊಡವಿಕೊಂಡು ಏಳುತ್ತಾನೆ. ತಂಡದ ಆಟದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಸೋಲಿನ ಜತೆಗೆ ಇನ್ನೊಂದು ರೋಗ ಅಂಟುತ್ತದೆ. ‘ಯಾರಿಂದ ಸೋತೆವು?’ ಎಂಬ ರೋಗ. ಊರೂರಿನ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಇದನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಬೆಳಗ್ಗೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರು ಸೋತ ಸಂಜೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕ್ಯಾಚು ಬಿಟ್ಟವನಿಗೆ ಬೈಗುಳ. ಬೌಲರನಿಗೆ ಬೈಗುಳ. ಕ್ಯಾಪ್ಟನ್ನನ ಜಾತಿ-ಕೇರಿಯೂ ಬೀದಿಗೆ ಬರುತ್ತದೆ. ಮುಂದಿನ ವಾರಕ್ಕೆ ಒಂದು ತಂಡ ಎರಡಾಗಿರುತ್ತದೆ. ಅವರನ್ನು ಸೋಲಿಸಿದ್ದು ಎದುರಾಳಿಯಲ್ಲ, ಆ ಒಂದು ಪ್ರಶ್ನೆ.

ಮೈಸೂರಿನಲ್ಲಿ ಸೋತ ತಂಡ ಒಡೆದು ಹೋಳಾಗಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕೆ? ಅವತ್ತು ಆಡಿದ ರಾಬಿನ್ ಉತ್ತಪ್ಪ, ಮನೀಶ್ ಪಾಂಡೆ, ಗಣೇಶ್ ಸತೀಶ್, ವಿನಯ್ ಕುಮಾರ್, ಮಿಥುನ್... ಇವರೇ ನಾಲ್ಕು ವರ್ಷದ ಮೇಲೆ ಕಪ್ಪು ಹಿಡಿದ ತಂಡದ ಕಂಬಗಳು. ಅವತ್ತು ಉತ್ತಪ್ಪ ನಾಯಕ, ವಿನಯ್ ಅವರ ಕೈಕೆಳಗಿನ ಆಟಗಾರ. ಮುಂದೆ ವಿನಯ್ ನಾಯಕ, ಉತ್ತಪ್ಪ ಅವರ ಕೈಕೆಳಗಿನ ಆಟಗಾರ. ಪಾರುಪತ್ಯ ಬದಲಾದರೂ ಪಾಲುದಾರಿಕೆ ಮುರಿಯಲಿಲ್ಲ. ಅಂಗಡಿ ನಡೆಸುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ನಷ್ಟವಾದ ವರ್ಷ ಕೂಡ ಬಿಟ್ಟು ಹೋಗದ ಪಾಲುದಾರ ಸಿಗುವುದು ಪುಣ್ಯ.

ಹಳೆಯ ಖಾತೆ

ಕರ್ನಾಟಕಕ್ಕೂ ಮುಂಬೈಗೂ ಇರುವ ಲೆಕ್ಕಾಚಾರ 2010ರದ್ದಲ್ಲ. ಅದು ತಾತನ ಕಾಲದ ಖಾತೆ. ಬೊಂಬಾಯಿ ತಂಡ 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿತ್ತು. ಹದಿನೈದು ವರ್ಷ ಎಂದರೆ ಏನು? ಅದು ಗೆಲ್ಲಲು ಶುರು ಮಾಡಿದಾಗ ಹುಟ್ಟಿದ ಮಗು ಮೀಸೆ ಚಿಗುರುವ ಹುಡುಗನಾಗುವಷ್ಟು ಕಾಲ! ಆ ಸರಪಳಿಯನ್ನು ಕಡಿದವರು ಕನ್ನಡಿಗರು. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅದರ ಮರುವರ್ಷ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ ನಾಯಕತ್ವದ ತಂಡ ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಬೊಂಬಾಯಿಯನ್ನು ಹೊರಗಟ್ಟಿತು. ಮುಂದೆ ರಾಜಸ್ತಾನವನ್ನೂ ಸೋಲಿಸಿ ಮೊಟ್ಟಮೊದಲ ಕಪ್ಪು ತಂದಿತು.

ಆ ತಂಡದಲ್ಲಿ ಚಂದ್ರಶೇಖರ್ ಇದ್ದರು. ಬಾಲ್ಯದಲ್ಲೇ ಪೋಲಿಯೋ ಬಡಿದು ಸೊರಗಿದ್ದ ಬಲಗೈ. ಅದೇ ಕೈಯಿಂದ ಜಗತ್ತಿನ ದೊಡ್ಡ ದೊಡ್ಡ ದಾಂಡಿಗರ ಗೂಟ ಎಗರಿಸಿದವರು. ಕಷ್ಟ ಬಂತೆಂದು ಕೈ ಕಟ್ಟಿ ಕೂತಿದ್ದರೆ ಚಂದ್ರ ಎಂಬ ಹೆಸರೇ ಇರುತ್ತಿರಲಿಲ್ಲ. ಅಂಥವರ ಮನೆತನ ಕರ್ನಾಟಕದ ಕ್ರಿಕೆಟ್ಟು. 1998-99ರ ಹೊತ್ತಿಗೆ ಆರು ಸಲ ಕಪ್ಪು ಬಂದಿತ್ತು. ಆಮೇಲೆ ಮಾತ್ರ ಬಾವಿ ಬತ್ತಿದಂತಾಯಿತು.

ಮೂರು ವರ್ಷದ ಬರ

ಸಿನಿಮಾದಲ್ಲಾದರೆ ಮೈಸೂರಿನ ಸೋಲಾದ ಮೇಲೆ ಒಂದು ಹಾಡು, ಹಾಡು ಮುಗಿಯುವುದರೊಳಗೆ ಗೆಲುವು. ನಿಜ ಜೀವನದಲ್ಲಿ ಹಾಗೆ ಆಗುವುದಿಲ್ಲ. 2010-11ರಲ್ಲಿ ಕರ್ನಾಟಕ ಸೆಮಿಫೈನಲ್ಲಿಗೆ ಹೋಗಿ ಬರೋಡಾ ಕೈಲಿ ಸೋತಿತು. 2011-12ರಲ್ಲಿ ಕ್ವಾರ್ಟರ್ ಫೈನಲ್ಲಿನಲ್ಲೇ, ಅದೂ ಬೆಂಗಳೂರಿನಲ್ಲೇ, ಹರಿಯಾಣದ ಎದುರು ಮಂಡಿಯೂರಿತು. 2012-13ರ ಕ್ವಾರ್ಟರ್ ಫೈನಲ್ಲಿನಲ್ಲಿ ರಾಜಕೋಟೆಯಲ್ಲಿ ಸೌರಾಷ್ಟ್ರದ ಚೇತೇಶ್ವರ ಪೂಜಾರ ಒಬ್ಬರೇ ಒಂದು ಇನ್ನಿಂಗ್ಸಿನಲ್ಲಿ 352 ರನ್ ಬಡಿದರು. ದಿನಗಟ್ಟಲೆ ಬಿಸಿಲಲ್ಲಿ ಚೆಂಡು ಹೆಕ್ಕಿ ಹೆಕ್ಕಿ ಕೊಡುವುದೇ ಕೆಲಸ. ಸೌರಾಷ್ಟ್ರ ಮುಂದೆ ಹೋಯಿತು. ಕರ್ನಾಟಕ ಮನೆಗೆ ಬಂತು.

ಫೈನಲ್, ಸೆಮಿಫೈನಲ್, ಕ್ವಾರ್ಟರ್ ಫೈನಲ್, ಮತ್ತೆ ಕ್ವಾರ್ಟರ್ ಫೈನಲ್. ಮೆಟ್ಟಿಲು ಇಳಿಯುತ್ತಾ ಬಂದ ಹಾಗೆ. ಹೊಸ ಅಂಗಡಿ ಹಾಕಿ ಮೂರು ವರ್ಷ ಲುಕ್ಸಾನು ತಿಂದವನಿಗೆ ಜನ ಏನನ್ನುತ್ತಾರೆ? ‘ಮುಚ್ಚಿ ಬೇರೆ ಕಸುಬು ನೋಡ್ಕೋ ಮಾರಾಯ’ ಅನ್ನುತ್ತಾರೆ. ಅಂಥ ಸಲಹೆ ಕೊಡಲು ದುಡ್ಡು ಖರ್ಚಾಗುವುದಿಲ್ಲವಲ್ಲ.

ರಣಜಿ ಆಟ ಬೇರೆ ಟಿ.ವಿ.ಯ ಥಳುಕಿನ ಆಟವಲ್ಲ. ನಾಲ್ಕು ದಿನ, ಐದು ದಿನ, ಎಷ್ಟೋ ಕಡೆ ಖಾಲಿ ಗ್ಯಾಲರಿಗಳ ಎದುರು ಆಡಬೇಕು. ಇವತ್ತು ಒಂದೂರು, ಮುಂದಿನ ವಾರ ಇನ್ನೊಂದೂರು. ವೇಗದ ಬೌಲರನಿಗಂತೂ ಅದು ಎತ್ತಿನ ದುಡಿಮೆ. ಬೆಳಗ್ಗೆ ಏಳು ಓವರ್, ಊಟದ ಮೇಲೆ ಆರು, ಸಂಜೆ ಮತ್ತೆ ಐದು. ಅದೇ ಓಟ, ಅದೇ ಜಾಗಕ್ಕೆ ಚೆಂಡು. ವಿಕೆಟ್ ಬಿದ್ದರೂ ಅದೇ, ಬೀಳದಿದ್ದರೂ ಅದೇ. ವಿನಯ್ ಕುಮಾರ್ ಅವರದ್ದು ಗುಂಡಿನಂಥ ವೇಗವಲ್ಲ. ಚೆಂಡನ್ನು ತುಸು ಹೊರಳಿಸಿ, ದಾಂಡಿಗನ ತಾಳ್ಮೆ ಕೆಡಿಸುವ ಕಸುಬು ಅವರದ್ದು. ತಾಳ್ಮೆಯ ಕಸುಬುದಾರನಿಗೆ ತನ್ನ ತಾಳ್ಮೆಯೇ ಬಂಡವಾಳ.

ಒಂಬತ್ತು ಓವರ್, ನೂರಾ ಎರಡು ರನ್

ತಂಡದ ಕಥೆ ಹೀಗಾದರೆ ನಾಯಕನ ಕಥೆ ಇನ್ನೂ ಒಂದು ಕೈ ಮೇಲೆ. ವಿನಯ್ ಕುಮಾರ್ ಭಾರತದ ಪರ ಟೆಸ್ಟ್ ಆಡಿದ್ದು ಒಂದೇ ಒಂದು. 2012ರ ಜನವರಿ, ಆಸ್ಟ್ರೇಲಿಯದ ಪರ್ತ್. ಡೇವಿಡ್ ವಾರ್ನರ್ 180 ರನ್ ಚಚ್ಚಿದ ಪಂದ್ಯ ಅದು. ವಿನಯ್ 13 ಓವರಿಗೆ 73 ರನ್ ಕೊಟ್ಟು ಒಂದು ವಿಕೆಟ್ ಪಡೆದರು. ಭಾರತ ಇನ್ನಿಂಗ್ಸ್ ಸೋಲು ಅನುಭವಿಸಿತು. ಟೆಸ್ಟಿನ ಬಾಗಿಲು ಮತ್ತೆ ತೆರೆಯಲಿಲ್ಲ.

ಅದಾದ ಮೇಲೆ 2013ರ ನವೆಂಬರ್ 2. ದೀಪಾವಳಿಯ ಹೊತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಮತ್ತೆ ಆಸ್ಟ್ರೇಲಿಯ. ರೋಹಿತ್ ಶರ್ಮ ಹದಿನಾರು ಸಿಕ್ಸರ್ ಹೊಡೆದು 209 ರನ್ ಮಾಡಿದರು ಎಂದು ಎಲ್ಲರಿಗೂ ನೆನಪಿದೆ. ಭಾರತ ಗೆದ್ದಿತು, ಸರಣಿಯೂ ಕೈಗೆ ಬಂತು. ಆದರೆ ಅದೇ ಪಂದ್ಯದಲ್ಲಿ ವಿನಯ್ ಕುಮಾರ್ 9 ಓವರಿಗೆ 102 ರನ್ ಕೊಟ್ಟರು. ತನ್ನ ರಾಜ್ಯದ ಜನರೆದುರು, ತಾನು ಆಡಿ ಬೆಳೆದ ಮೈದಾನದಲ್ಲಿ! ಜನ ಬಿಟ್ಟಾರೆಯೇ? ಹೊಟೇಲಿನಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ತಮಾಷೆಯೋ ತಮಾಷೆ. ಎಕ್ಸ್‌ಪ್ರೆಸ್ಸು ಹಳಿ ತಪ್ಪಿತು ಅಂದರು, ಪ್ಯಾಸೆಂಜರ್ ಗಾಡಿ ಅಂದರು. ಭಾರತದ ಪರ ಅವರು ಆಡಿದ 31 ಏಕದಿನ ಪಂದ್ಯಗಳಲ್ಲಿ ಅದೇ ಕೊನೆಯದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದೇಶದ ತಂಡದ ಬಾಗಿಲು ಮುಚ್ಚಿದ ಮನುಷ್ಯ. ವಯಸ್ಸು ಮೂವತ್ತರ ಹತ್ತಿರ. ಎದುರಿಗಿರುವುದು ಮತ್ತೆ ಅದೇ ರಣಜಿ, ಅದೇ ಖಾಲಿ ಗ್ಯಾಲರಿ, ಅದೇ ಎತ್ತಿನ ದುಡಿಮೆ. ಸಾಲದ್ದಕ್ಕೆ ಈತ ಬರೀ ಬೌಲರ್ ಅಲ್ಲ, ಕ್ಯಾಪ್ಟನ್. ಬೆನ್ನ ಹಿಂದೆ ಕೆ.ಎಲ್. ರಾಹುಲ್, ಕರುಣ್ ನಾಯರ್, ಶ್ರೇಯಸ್ ಗೋಪಾಲರಂಥ ಎಳೆಯ ಹುಡುಗರು. ನಾಯಕನ ಮೋರೆ ಬಾಡಿದ್ದರೆ ಹುಡುಗರ ಮೋರೆಯೂ ಬಾಡುತ್ತದೆ. ಒಬ್ಬನೇ ಆಡುವ ಆಟದಲ್ಲಿ ದುಃಖಪಡಲು ರಜೆ ಉಂಟು. ತಂಡದ ನಾಯಕನಿಗೆ ಆ ರಜೆಯೂ ಇಲ್ಲ.

ಸರಿಯಾಗಿ ಮೂರು ತಿಂಗಳು

2014ರ ಫೆಬ್ರವರಿ 2. ಬೆಂಗಳೂರಿನ ಆ ದಿನಕ್ಕೆ ಸರಿಯಾಗಿ ಮೂರು ತಿಂಗಳು. ಹೈದರಾಬಾದಿನಲ್ಲಿ ರಣಜಿ ಫೈನಲ್ಲಿನ ಕೊನೆಯ ದಿನ, ಎದುರಾಳಿ ಮಹಾರಾಷ್ಟ್ರ. ಅವರು ಮೊದಲು 305 ಮಾಡಿದ್ದರು. ಕರ್ನಾಟಕ 515. ಮಂಗಳೂರು ಕಡೆಯಲ್ಲಿ ಬೆಳೆದ ಹುಡುಗ ರಾಹುಲ್ 131. ಇನ್ನೊಂದು ಶತಕ ಯಾರದ್ದು? ಗಣೇಶ್ ಸತೀಶ್ ಅವರದ್ದು, 117! ಮೈಸೂರಿನಲ್ಲಿ 75 ಹೊಡೆದೂ ಸೋತು ಹೋದ ಅದೇ ಸತೀಶ್. ಮಹಾರಾಷ್ಟ್ರ ಎರಡನೇ ಸರದಿಯಲ್ಲಿ 366 ಮಾಡಿ ಹೋರಾಡಿತು. ಗೆಲ್ಲಲು 157 ಬೇಕಿತ್ತು. ಮೂರೇ ವಿಕೆಟ್ ಕಳೆದುಕೊಂಡು ಕರ್ನಾಟಕ ದಡ ಸೇರಿತು.

ಹದಿನೈದು ವರ್ಷದ ಬಳಿಕ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು. ಎತ್ತಿ ಹಿಡಿದವರು ದಾವಣಗೆರೆಯ ವಿನಯ್ ಕುಮಾರ್. ಆ ಋತುವಿನಲ್ಲೇ ಇರಾನಿ ಕಪ್ಪು, ವಿಜಯ್ ಹಜಾರೆ ಟ್ರೋಫಿ ಎರಡೂ ಬಂದವು. ಮೂರು ತಿಂಗಳ ಹಿಂದೆ ‘ಪ್ಯಾಸೆಂಜರ್ ಗಾಡಿ’ ಅಂದವರೇ ‘ನಾವು ಆಗಲೇ ಹೇಳಿರಲಿಲ್ವಾ’ ಅನ್ನತೊಡಗಿದರು. ಗೆದ್ದವನಿಗೆ ನೆಂಟರು ಜಾಸ್ತಿ!

ನಲವತ್ತನಾಲ್ಕು!

ಮುಂಬೈಯ ಬಾಕಿ ಮಾತ್ರ ಹಾಗೇ ಇತ್ತಲ್ಲ, ಅದಕ್ಕೂ ದಿನ ಬಂತು. 2015ರ ಫೆಬ್ರವರಿ 25, ಬೆಂಗಳೂರು, ರಣಜಿ ಸೆಮಿಫೈನಲ್. ಮೊದಲು ಆಡಿದ ಕರ್ನಾಟಕ 202ಕ್ಕೆ ಸರ್ವಪತನ. ‘ಮುಗೀತು ಬಿಡ್ರಿ, ಮತ್ತೆ ಮೈಸೂರಿನ ಕಥೆ’ ಎಂದು ರೇಡಿಯೋ, ಟಿ.ವಿ. ಆರಿಸಿದವರು ಆಮೇಲೆ ಕೈ ಕೈ ಹಿಸುಕಿಕೊಳ್ಳಬೇಕಾಯಿತು. ಮುಂಬೈ ಎಷ್ಟಕ್ಕೆ ಆಲೌಟ್ ಗೊತ್ತೇ? 44! ನಲವತ್ತು ಸಲ ಕಪ್ಪು ಗೆದ್ದ ತಂಡ ಹದಿನಾರು ಓವರ್ ಕೂಡ ನಿಲ್ಲಲಿಲ್ಲ. ವಿನಯ್ ಕುಮಾರ್ 20 ರನ್ನಿಗೆ 6 ವಿಕೆಟ್.

ಇಲ್ಲೂ ಗಮನಿಸುವ ಮಾತೊಂದಿದೆ. 44ಕ್ಕೆ ಕೆಡವಿದ ಕೂಡಲೇ ಕುಣಿದು ಕುಪ್ಪಳಿಸಿ ಮೈಮರೆತಿದ್ದರೆ ಮುಂಬೈ ಬಿಡುತ್ತಿರಲಿಲ್ಲ. ಕರ್ನಾಟಕ ಎರಡನೇ ಸರದಿಯಲ್ಲಿ 286 ಸೇರಿಸಿತು. ಗೆಲ್ಲಲು 445 ಬೇಕಾದ ಮುಂಬೈ ಅಂಥ ಅವಮಾನದ ಮೇಲೂ ನಿಂತು 332 ರನ್ ಮಾಡಿತು. ಅವರದ್ದೂ ಗಟ್ಟಿ ಮನಸ್ಸೇ, ಇಲ್ಲವೆನ್ನುವಂತಿಲ್ಲ. ಕೊನೆಗೆ ಕರ್ನಾಟಕಕ್ಕೆ 112 ರನ್ ಜಯ. ಆರು ರನ್ನಿನ ಸಾಲ ಬಡ್ಡಿ ಚಕ್ರಬಡ್ಡಿ ಸಮೇತ ವಸೂಲಾಯಿತು.

ಎಂಬತ್ತನಾಲ್ಕಕ್ಕೆ ಐದು

ಫೈನಲ್ ಮುಂಬೈಯ ವಾಂಖೆಡೆಯಲ್ಲಿ, ತಮಿಳುನಾಡಿನ ಮೇಲೆ. ವಿನಯ್ ಮತ್ತೆ ಐದು ವಿಕೆಟ್ ಪಡೆದರು. ತಮಿಳುನಾಡು 134ಕ್ಕೆ ಔಟ್. ಇನ್ನೇನು ಸುಲಭ ಅಂದುಕೊಂಡರೆ ಕರ್ನಾಟಕದ ಕಥೆಯೂ 84 ರನ್ನಿಗೆ 5 ವಿಕೆಟ್! ಗಾಯವಾಗಿ ಆಟದ ನಡುವೆ ಒಳಗೆ ಹೋಗಿದ್ದ ರಾಹುಲ್ ಆಗ ಮತ್ತೆ ಬ್ಯಾಟು ಹಿಡಿದು ಬಂದರು. ಇನ್ನೊಂದು ತುದಿಯಲ್ಲಿ ಕರುಣ್ ನಾಯರ್.

ಆಮೇಲೆ ನಡೆದದ್ದು ದಾಖಲೆ. ಇಬ್ಬರೂ ಸೇರಿ ಆರನೇ ವಿಕೆಟ್ಟಿಗೆ 386 ರನ್. ರಾಹುಲ್ 188. ಕರುಣ್ 328. ರಣಜಿ ಫೈನಲ್ಲುಗಳಲ್ಲಿ 1946-47ರಿಂದ ನಿಂತಿದ್ದ ಗುಲ್ ಮಹಮ್ಮದರ 319 ರನ್ನಿನ ದಾಖಲೆ ಮುರಿಯಿತು. ಬಾಲದ ತುದಿಯಲ್ಲಿ ಬಂದ ವಿನಯ್ ಕುಮಾರ್ ಅವರೂ ಔಟಾಗದೆ 105 ಹೊಡೆದರು. ಒಟ್ಟು 762! ಇನ್ನಿಂಗ್ಸ್ ಮತ್ತು 217 ರನ್ ಜಯ. ಎರಡನೇ ವರ್ಷವೂ ಮೂರಕ್ಕೆ ಮೂರು ಕಪ್ಪು.

ತಂಡದ ಗಟ್ಟಿತನ ಎಂದರೆ ಏನೆಂದು ಮಕ್ಕಳು ಕೇಳಿದರೆ ಈ 84ಕ್ಕೆ 5ನ್ನು ತೋರಿಸಬೇಕು. ಐದು ಜನ ಎಡವಿದರು. ಆರನೆಯವನು ಎಡವಲಿಲ್ಲ. ಅಷ್ಟೇ. ಎಲ್ಲರೂ ಎಲ್ಲ ದಿನ ಗಟ್ಟಿಯಾಗಿರಲು ಯಾರಿಂದಲೂ ಆಗದು. ಒಬ್ಬ ಬಿದ್ದ ದಿನ ಇನ್ನೊಬ್ಬ ನಿಂತರಾಯಿತು. ವಿನಯ್ ಬಿದ್ದಾಗ ಮಿಥುನ್, ಅರವಿಂದ್ ಇದ್ದರು. ಮೇಲಿನ ದಾಂಡಿಗರು ಹೋದಾಗ ಕರುಣ್, ರಾಹುಲ್ ಇದ್ದರು. ಹೆಗಲು ಬದಲಿಸುವುದು ಗೊತ್ತಿದ್ದರೆ ಪಲ್ಲಕ್ಕಿ ನೆಲ ಮುಟ್ಟುವುದಿಲ್ಲ.

ಮತ್ತೆ ಐದು ರನ್

ಕಥೆ ಇಲ್ಲಿಗೇ ನಿಲ್ಲಿಸಿದರೆ ಸೊಗಸು. ಆದರೆ ಆಟ ಸೊಗಸಿಗಾಗಿ ಕಾಯುವುದಿಲ್ಲ.

2017ರ ಡಿಸೆಂಬರ್. ವಿನಯ್ ಕುಮಾರ್ ಅವರೇ ನಾಯಕ. ನಾಗಪುರದ ಕ್ವಾರ್ಟರ್ ಫೈನಲ್ಲಿನಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಸಹಿತ ಆರು ವಿಕೆಟ್, ಇನ್ನಿಂಗ್ಸ್ ಗೆಲುವು. ಸೆಮಿಫೈನಲ್ ಕೋಲ್ಕತ್ತದಲ್ಲಿ, ಎದುರಾಳಿ ಅದುವರೆಗೆ ಒಮ್ಮೆಯೂ ಕಪ್ಪು ಕಾಣದ ವಿದರ್ಭ. ಅವರನ್ನು 185ಕ್ಕೆ ಕೆಡವಿ, ಕರುಣ್ ನಾಯರ್ ಅವರ 153ರ ಬಲದಿಂದ ಕರ್ನಾಟಕ 301 ಮಾಡಿತು. ಎಲ್ಲ ಸಲೀಸು. ಆದರೆ ವಿದರ್ಭದ ಎರಡನೇ ಸರದಿಯಲ್ಲಿ ಒಬ್ಬ ದಾಂಡಿಗ ಕಾಲೂರಿ 81 ರನ್ ಮಾಡಿದರು. ಯಾರು ಗೊತ್ತೇ? ಗಣೇಶ್ ಸತೀಶ್! 2014-15ರಿಂದ ಅವರು ವಿದರ್ಭದ ಆಟಗಾರ. ಊರಿನವನೇ ಎದುರಾಳಿಯಾಗಿ ನಿಂತ ಪ್ರಸಂಗ.

ಕರ್ನಾಟಕಕ್ಕೆ ಬೇಕಾದದ್ದು 198. ಕೊನೆಯ ದಿನ ಬೆಳಗ್ಗೆ 111ಕ್ಕೆ 7. ಇನ್ನೂ 87 ರನ್ ಬೇಕು, ಉಳಿದವರೋ ಬೌಲರುಗಳು. ವಿನಯ್ 36 ಹೊಡೆದರು. ಮಿಥುನ್ 33 ಹೊಡೆದರು. ಶ್ರೇಯಸ್ ಗೋಪಾಲ್ ಒಂದು ಕಡೆ ಬಂಡೆಯಂತೆ ನಿಂತರು. ಒಂದೊಂದು ರನ್ನಿಗೂ ಎದೆ ಡವಡವ. ರಜನೀಶ್ ಗುರ್ಬಾನಿ ಏಳನೇ ವಿಕೆಟ್ ಪಡೆದಾಗ ಕರ್ನಾಟಕದ ಮೊತ್ತ 192. ಸೋಲು ಐದು ರನ್ನಿನಿಂದ!

ಮೈಸೂರಿನ ಆರು, ಕೋಲ್ಕತ್ತದ ಐದು. ಸುಮಾರು ಎಂಟು ವರ್ಷದ ಹಿಂದೆ ಸೋತ ಜೋಡಿಯಲ್ಲಿ ಒಬ್ಬರು ಈ ಸಲ ಗೆದ್ದ ಕಡೆ, ಇನ್ನೊಬ್ಬರು ಸೋತ ಕಡೆ. ವಿದರ್ಭ ಮುಂದೆ ದೆಹಲಿಯನ್ನು ಸೋಲಿಸಿ ಮೊದಲ ಸಲ ಕಪ್ಪು ಗೆದ್ದಿತು. ಮರುವರ್ಷವೂ ಗೆದ್ದಿತು.

ಹಾಗಾದರೆ ಇಷ್ಟೆಲ್ಲ ಗಟ್ಟಿತನದಿಂದ ಏನು ಬಂತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಟ್ಟಿ ಮನಸ್ಸು ಗೆಲುವಿನ ಗ್ಯಾರಂಟಿ ಕಾರ್ಡಲ್ಲ. ಅದು ಇದ್ದರೂ ಐದು ರನ್ನಿನಿಂದ ಸೋಲಬಹುದು. ಆದರೆ ಅದು ಇಲ್ಲದಿದ್ದರೆ 111ಕ್ಕೆ 7 ಆದ ತಂಡ 192ರವರೆಗೆ ಬರುವುದೇ ಇಲ್ಲ, 120ಕ್ಕೇ ಚಾಪೆ ಸುತ್ತುತ್ತದೆ. ಗೆಲುವಿನ ಬಾಗಿಲ ತನಕ ಕರೆದುಕೊಂಡು ಹೋಗುವುದಷ್ಟೇ ಅದರ ಕೆಲಸ. ಬಾಗಿಲು ತೆರೆಯುವುದು ಎಷ್ಟೋ ಸಲ ಬೇರೆಯವರ ಕೈಲಿರುತ್ತದೆ.

ಊರಿನ ಹುಡುಗರಿಗೆ

ವಿನಯ್ ಕುಮಾರ್ 2021ರ ಫೆಬ್ರವರಿಯಲ್ಲಿ ಆಟ ನಿಲ್ಲಿಸಿದರು. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅವರ ಖಾತೆಯಲ್ಲಿ ಉಳಿದದ್ದು 504 ವಿಕೆಟ್. ಬೆಂಗಳೂರಿನ 102 ರನ್ ಕೂಡ ಅಳಿಸಿ ಹೋಗಿಲ್ಲ, ಅದೂ ದಾಖಲೆಯಲ್ಲಿದೆ. ಪರ್ತ್ ಕೂಡ ಇದೆ. ಮೈಸೂರಿನ ಆರು, ಕೋಲ್ಕತ್ತದ ಐದು, ಎಲ್ಲ ಇವೆ. ಖಾತೆ ಪುಸ್ತಕದಲ್ಲಿ ಜಮೆಯ ಜತೆ ಖರ್ಚೂ ಇದ್ದರೇ ಅದು ನಂಬುವ ಪುಸ್ತಕ.

ಹೈಸ್ಕೂಲ್ ಮೈದಾನಗಳಲ್ಲಿ ಸಂಜೆ ಬ್ಯಾಟು ಬೀಸುವ ಹುಡುಗರಿಗೆ, ಅವರ ತಂದೆ-ತಾಯಿಗಳಿಗೆ ಇದರಲ್ಲಿ ಒಂದು ಮಾತಿದೆ. ಮಗ ಒಂದು ಮ್ಯಾಚಿನಲ್ಲಿ ಸೊನ್ನೆಗೆ ಔಟಾದರೆ ‘ಸಾಕು ಬಿಡಪ್ಪಾ, ಟ್ಯೂಷನ್ನಿಗೆ ಹೋಗು’ ಎನ್ನುವವರು ಬಹಳ. ಕ್ಯಾಚು ಬಿಟ್ಟವನನ್ನು ಮುಂದಿನ ವಾರ ತಂಡಕ್ಕೇ ಕರೆಯದ ಕ್ಯಾಪ್ಟನ್ನುಗಳೂ ಬಹಳ. ಎಲ್ಲರೂ ವಿನಯ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಸೋತ ಸಂಜೆ ಜಗಳವಾಡದೆ ಮನೆಗೆ ಹೋಗಿ, ಮರುದಿನ ಅದೇ ಹನ್ನೊಂದು ಜನ ಅದೇ ಮೈದಾನಕ್ಕೆ ಬರುವುದನ್ನು ಕಲಿತರೆ, ಮುಂದೆ ಅವರು ಅಂಗಡಿ ಹಾಕಲಿ, ಬಸ್ ಓಡಿಸಲಿ, ಸಂಸಾರ ಹೂಡಲಿ, ಆ ಕಲಿಕೆ ಕೈ ಬಿಡುವುದಿಲ್ಲ.

ಮಂಡಿಪೇಟೆಯ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಷ್ಟವಾದ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಬೆಳಗಾದ ಮೇಲೆ ಎದ್ದು, ಅಂಗಡಿ ಮುಂದೆ ನೀರು ಚಿಮುಕಿಸಿ, ಬಾಗಿಲು ಎತ್ತುವವನದ್ದೇ ವ್ಯಾಪಾರ.